ಮುಳುಗಿದ ಊರಿನ ಇನಿಶಿಯಲ್: ನಮ್ಮ ಹೆಸರುಗಳನ್ನು ಬರೆಯುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಪಾಸ್‌ಪೋರ್ಟ್ ಸೇವೆಯನ್ನು ನಡೆಸುವ ಅಧಿಕಾರಿಗಳು, ಜನನ ಮರಣ ನೋಂದಣಾಧಿಕಾರಿಗಳು, ಆಧಾರ್ ಕೇಂದ್ರಗಳನ್ನು ನೋಡಿಕೊಳ್ಳುವವರು, ಶಾಲೆಗಳ ಮುಖ್ಯೋಪಾಧ್ಯಾಯರು ಹಾಗೂ ಕರ್ನಾಟಕದಲ್ಲಿ ನಮ್ಮ ಹೆಸರನ್ನು ಕಾಗದಕ್ಕೆ ಇಳಿಸುವ ಅಧಿಕಾರವುಳ್ಳ ಎಲ್ಲರಿಗೂ.

ವಿಷಯ: ನನ್ನ ತಾಯಿಯ ಹೆಸರು ಐದು ದಾಖಲೆಗಳಲ್ಲಿ ಐದು ಬಗೆಯಾಗಿದ್ದ ಕಾರಣ ಒಂದು ಹಡಗು ತಪ್ಪಿದ ಬಗ್ಗೆ.

ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆಯವಳು. ಇಪ್ಪತ್ತು ವರ್ಷಗಳಿಂದ ಲೆಕ್ಕಪತ್ರ ಬರೆಯುವ ಕೆಲಸ ಮಾಡುತ್ತಿದ್ದೇನೆ. ಫಾರಂ ತುಂಬುವುದು, ಸಹಿ ಹಾಕಿಸುವುದು, ಒಂದು ಕಾಗದ ಇನ್ನೊಂದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡುವುದು ನನ್ನ ಹೊಟ್ಟೆಪಾಡು. ಅಂಥವಳಿಗೂ ಈ ವರ್ಷ ಮನೆಯ ಐವರಿಗೆ ಪಾಸ್‌ಪೋರ್ಟ್ ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು. ಸಿಟ್ಟಿನಲ್ಲಿ ಬರೆದರೆ ಎಲ್ಲರ ಮೇಲೂ ಒಂದೇ ಮಸಿ ಬೀಳುತ್ತದೆ ಎಂದು ಒಂದು ತಿಂಗಳು ಸುಮ್ಮನಿದ್ದು ಈಗ ಬರೆಯುತ್ತಿದ್ದೇನೆ.

ಮೊದಲು ಹಡಗಿನ ವಿಚಾರ ಹೇಳುತ್ತೇನೆ. ನನ್ನ ತಾಯಿ ಹುಟ್ಟಿದ್ದು ಶರಾವತಿ ಕಣಿವೆಯ ಒಂದು ಹಳ್ಳಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಆ ಹಳ್ಳಿ ನೀರಿನಡಿಗೆ ಹೋದಾಗ ಅವಳಿಗೆ ಹತ್ತು ವರ್ಷ. ಎತ್ತಿನ ಗಾಡಿಯಲ್ಲಿ ಪಾತ್ರೆಪಡಗ ಹೇರಿಕೊಂಡು ಬಂದವರಲ್ಲಿ ಅವಳ ಮನೆಯವರೂ ಒಬ್ಬರು. ಜೀವಮಾನದಲ್ಲಿ ಅವಳು ಹತ್ತಿದ ಒಂದೇ ಹಡಗೆಂದರೆ ಸಿಗಂದೂರಿಗೆ ಹೋಗುವ ಹೊಳೆಬಾಗಿಲಿನ ಲಾಂಚ್. ಬಸ್ಸು, ಜೀಪು, ಜನ ಎಲ್ಲವನ್ನೂ ಹೊತ್ತು ಹಿನ್ನೀರು ದಾಟುತ್ತಿದ್ದ ಆ ಲಾಂಚಿನ ಕಂಬಿ ಹಿಡಿದು ನಿಂತು ಅಮ್ಮ ಪ್ರತಿ ಸಲವೂ ನೀರಿನತ್ತ ಬೆರಳು ಮಾಡಿ, "ನಮ್ಮ ಮನೆ ಇದ್ದದ್ದು ಅಲ್ಲೇ" ಎನ್ನುತ್ತಿದ್ದಳು. ಪ್ರತಿ ಸಲವೂ ಬೇರೆ ಬೇರೆ ದಿಕ್ಕಿಗೆ ತೋರಿಸುತ್ತಿದ್ದಳು ಎನ್ನುವುದು ಬೇರೆ ಮಾತು.

2025ರ ಜುಲೈ 14ರಂದು ಅಲ್ಲಿ ಸೇತುವೆಯ ಉದ್ಘಾಟನೆಯಾಯಿತು. ಆ ದ್ವೀಪದಂಥ ಊರುಗಳ ಜನ ದಶಕಗಳಿಂದ ಬೇಡಿಕೊಂಡಿದ್ದ ಸೇತುವೆ, ಸಂತೋಷವೇ. ಟಿವಿಯಲ್ಲಿ ಅದನ್ನು ನೋಡುತ್ತ ಅಮ್ಮ, "ಇನ್ನು ಲಾಂಚ್ ಹತ್ತುವ ಹಾಗಿಲ್ಲ" ಎಂದಳು, ಅಷ್ಟೇ. ಸಿಂಗಪುರದಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಅದನ್ನು ಕೇಳಿಸಿಕೊಂಡು, ನಿನ್ನನ್ನು ನಿಜವಾದ ಹಡಗಿಗೇ ಹತ್ತಿಸುತ್ತೇನೆ ಎಂದ. ವಾರದೊಳಗೆ ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ಮರಳುವ ಕ್ರೂಸ್‌ಗೆ ನಮ್ಮೆಲ್ಲರ ಹೆಸರಿನಲ್ಲಿ ಮುಂಗಡ ಕಟ್ಟಿಬಿಟ್ಟ. ದಸರಾ ರಜೆಯಲ್ಲಿ, ಅಕ್ಟೋಬರ್ ಮೊದಲ ವಾರ ಹೊರಡುವ ಹಡಗು.

ಇಲ್ಲಿ ನಮ್ಮ ತಪ್ಪನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಟಿಕೆಟ್ ಮಾಡಿಸಬೇಕು. ನಾವು ತೊಟ್ಟಿಲು ಕಟ್ಟಿ ಕೂಸಿಗೆ ಕಾದೆವು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ವೀಸಾ ಬೇಡ ಎಂದಿದೆ, ಥಾಯ್ಲೆಂಡಿಗೂ ಆಗ ಪ್ರವಾಸಿಗರಾಗಿ ವೀಸಾ ಇಲ್ಲದೆ ಹೋಗಬಹುದಿತ್ತು. ಆದರೆ ಹಡಗು ಹತ್ತುವ ಸಿಂಗಪುರಕ್ಕೇ ವೀಸಾ ಬೇಕು, ಅದಕ್ಕೆ ಕನಿಷ್ಠ ಆರು ತಿಂಗಳ ಆಯಸ್ಸಿರುವ ಪಾಸ್‌ಪೋರ್ಟ್ ಬೇಕು. ನಮ್ಮಲ್ಲಿ ಪಾಸ್‌ಪೋರ್ಟ್ ಇದ್ದದ್ದು ನನ್ನ ಗಂಡನಿಗೆ ಮಾತ್ರ, ಅದೂ 2026ರ ಫೆಬ್ರವರಿಗೆ ಮುಗಿಯುತ್ತಿತ್ತು. ಹತ್ತು ವರ್ಷದ ಪಾಸ್‌ಪೋರ್ಟ್ ಒಂಬತ್ತೂವರೆ ವರ್ಷಕ್ಕೇ ಮುಪ್ಪಾಗುತ್ತದೆ ಎಂಬುದು ನಮಗೆ ಆಗ ಹೊಳೆಯಿತು. ಹಾಗಾಗಿ ಐವರದೂ ಅರ್ಜಿ.

ಚೆನ್ನಾಗಿ ನಡೆದದ್ದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಒಂದು ಕಾಲದಲ್ಲಿ ನಮ್ಮ ಕಡೆಯವರು ಪಾಸ್‌ಪೋರ್ಟ್ ಎಂದರೆ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಕೇಂದ್ರ ತೆರೆದ ಮೇಲೆ ಆ ಏರ್ಪಾಡು ಊರೂರಿಗೆ ಬಂದಿದೆ. ನಾವು ಹೋದ ಕೇಂದ್ರದಲ್ಲಿ ಕುರ್ಚಿ ಇತ್ತು, ಕುಡಿಯುವ ನೀರಿತ್ತು, ಟೋಕನ್ ಸಂಖ್ಯೆ ಬಂದಾಗ ನಿಜವಾಗಿಯೂ ನಮ್ಮನ್ನೇ ಕರೆದರು. ಗಂಡನದು ಮತ್ತು ಮಕ್ಕಳಿಬ್ಬರದು ಎರಡು ವಾರದೊಳಗೆ ಸ್ಪೀಡ್ ಪೋಸ್ಟಿನಲ್ಲಿ ಮನೆಗೆ ಬಂತು, ನನ್ನದು ಇನ್ನೊಂದು ವಾರಕ್ಕೆ. ಕೇಂದ್ರ ಯಾವ ಊರಿನದು ಎಂದು ಬೇಕೆಂದೇ ಬರೆದಿಲ್ಲ. ಯಾರೋ ಒಬ್ಬ ಸಿಬ್ಬಂದಿಯ ಮೇಲೆ ಹಗೆ ತೀರಿಸಿಕೊಳ್ಳುವ ಪತ್ರವಲ್ಲ ಇದು.

ಅರ್ಜಿ ತುಂಬಿಸಲು ಸೈಬರ್ ಸೆಂಟರಿಗೆ ಹೋದದ್ದು ನಮ್ಮ ಎರಡನೆಯ ತಪ್ಪು. ದೊಡ್ಡವರ 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ, ಚಿಕ್ಕವರಿಗೆ 1,000. ಅರವತ್ತು ದಾಟಿದವರಿಗೆ ಮತ್ತು ಎಂಟರ ಕೆಳಗಿನ ಮಕ್ಕಳಿಗೆ ಹೊಸ ಅರ್ಜಿಯಲ್ಲಿ ಶೇಕಡಾ 10 ರಿಯಾಯಿತಿ. ಆ ಲೆಕ್ಕದಲ್ಲಿ ಅಮ್ಮನದು 1,350. ಸೈಬರ್ ಸೆಂಟರಿನವನು ಎಲ್ಲರಿಗೂ ಒಂದೇ ದರ ಹೇಳಿದ, ಅದು ಯಾವ ಲೆಕ್ಕಕ್ಕೂ ಸೇರದ ದರ. ಹದಿನಾರು ವರ್ಷದ ಮಗಳಿಗೆ 1,500 ಕಟ್ಟಿದರೆ ಹತ್ತು ವರ್ಷದ ಪಾಸ್‌ಪೋರ್ಟ್ ಸಿಗುತ್ತಿತ್ತು. ಅವನು ಕೇಳದೆಯೇ ಅವಳಿಗೆ ಹದಿನೆಂಟು ತುಂಬುವಷ್ಟರಲ್ಲಿ ಮುಗಿಯುವುದನ್ನು ಆರಿಸಿದ. ಅಮ್ಮ ಎಸ್ಸೆಸ್ಸೆಲ್ಸಿ ಮಾಡಿಲ್ಲವಾದ್ದರಿಂದ ಮಲೇಷ್ಯಾದಲ್ಲಿ ತಡೆಯುತ್ತಾರೆ ಎಂದು ಹೆದರಿಸಿ, ಅದಕ್ಕೂ ಒಂದು ದಾರಿ ಇದೆ ಎಂದ. ಐವತ್ತು ದಾಟಿದವರಿಗೆ ಆ ವಲಸೆ ತಪಾಸಣೆಯ ಮುದ್ರೆಯೇ ಅನ್ವಯಿಸುವುದಿಲ್ಲ, ಪ್ರವಾಸಕ್ಕೆ ಹೋಗುವವರಿಗಂತೂ ಬೇಕಾಗಿಯೇ ಇಲ್ಲ ಎಂದು ಮನೆಗೆ ಬಂದು ಓದಿ ತಿಳಿದುಕೊಂಡೆ. ಆದರೆ ಅವನು ಮಾಡಿದ ನಿಜವಾದ ಅನಾಹುತ ಒಂದು ಸಣ್ಣ ಚೌಕದಲ್ಲಿತ್ತು. 'ನಿಮ್ಮ ಹೆಸರು ಎಂದಾದರೂ ಬದಲಾಗಿದೆಯೇ' ಎಂಬ ಪ್ರಶ್ನೆಗೆ ಅಮ್ಮನ ಪರವಾಗಿ 'ಇಲ್ಲ' ಎಂದು ಒತ್ತಿದ್ದ.

ನಮ್ಮಮ್ಮನ ಹೆಸರಿನಲ್ಲಿ ಒಂದು 'ಕ್ಷ' ಇದೆ. ಕನ್ನಡದಲ್ಲಿ ಅದನ್ನು ಬರೆಯಲು ಇರುವುದು ಒಂದೇ ದಾರಿ. ಇಂಗ್ಲಿಷಿನಲ್ಲಿ, ಬರೆಯುವವನ ಮನಸ್ಸಿಗೆ ಬಂದ ದಾರಿ. ಮತದಾರರ ಚೀಟಿಯಲ್ಲಿ ಅದು ಕೆ, ಎಸ್, ಎಚ್. ಆಧಾರಿನಲ್ಲಿ ಎಕ್ಸ್. ಪ್ಯಾನ್ ಕಾರ್ಡಿನಲ್ಲಿ ಮತ್ತೆ ಕೆ, ಎಸ್, ಎಚ್, ಆದರೆ ಕೊನೆಯ 'ಅಮ್ಮ'ದಲ್ಲಿ ಒಂದು ಎಂ ಕಾಣೆಯಾಗಿದೆ. ತಂದೆ ತೀರಿಕೊಂಡ ಮೇಲೆ ಬಂದ ಕುಟುಂಬ ಪಿಂಚಣಿಯ ಆದೇಶದಲ್ಲಿ ಎಂ ಎರಡೂ ಇವೆ, ಆದರೆ ಕ್ಷದ ಎಚ್ ಹಾರಿಹೋಗಿದೆ. ಶಾಲೆಯ ವರ್ಗಾವಣೆ ಪತ್ರ ಕನ್ನಡದಲ್ಲಿರುವುದರಿಂದ ಅದೊಂದರಲ್ಲಿ ಮಾತ್ರ ಅವಳ ಹೆಸರು ಅವಳ ಹೆಸರಿನಂತಿದೆ.

ಇನ್ನು ಇನಿಶಿಯಲ್. ಶಾಲೆಯ ಕಾಗದದಲ್ಲಿ ಹೆಸರಿನ ಮುಂದೆ ಎರಡಕ್ಷರ: ಹುಟ್ಟಿದೂರಿನದೊಂದು, ಅಪ್ಪನದೊಂದು. ಆಧಾರಿನಲ್ಲಿ ಗಂಡನ ಹೆಸರಿನ ಒಂದಕ್ಷರ. ಮತದಾರರ ಚೀಟಿಯಲ್ಲಿ ಏನೂ ಇಲ್ಲ, ಕೆಳಗೆ ಗಂಡನ ಹೆಸರೆಂದು ಬೇರೆ ಸಾಲಿದೆ. ಪ್ಯಾನ್‌ನಲ್ಲಿ ಗಂಡನ ಪೂರ್ತಿ ಹೆಸರೇ ಅವಳ ಉಪನಾಮ. ನಮ್ಮ ಕಡೆ ಇದರಲ್ಲಿ ವಿಶೇಷವೇನೂ ಇಲ್ಲ. ಹೆಣ್ಣುಮಗಳು ಮದುವೆಯಾದಾಗ ಇನಿಶಿಯಲ್ ಬದಲಾಗುತ್ತದೆ, ಹೆಸರು ಬದಲಾಯಿತೆಂದು ಯಾರೂ ಅಂದುಕೊಳ್ಳುವುದಿಲ್ಲ.

ಆಗಸ್ಟಿನಲ್ಲಿ ಅಮ್ಮನ ಸರದಿ ಬಂತು. ಈ ಕೇಂದ್ರಗಳಲ್ಲಿ ಕೌಂಟರ್‌ಗಳು ಎ, ಬಿ, ಸಿ ಎಂದು ಮೂರು ಹಂತ. ಮೊದಲನೆಯದರಲ್ಲಿ ಸಿಬ್ಬಂದಿ ದಾಖಲೆ ಸ್ಕ್ಯಾನ್ ಮಾಡಿ, ಬೆರಳಚ್ಚು, ಫೋಟೋ ತೆಗೆದುಕೊಳ್ಳುತ್ತಾರೆ. ಮುಂದಿನವು ಅಧಿಕಾರಿಗಳವು. ಮೊದಲ ಕೌಂಟರಿನಲ್ಲಿ ಇಪ್ಪತ್ತೈದು ದಾಟಿರದ ಹುಡುಗಿ. ಒರಟಾಗಿ ಮಾತಾಡಲಿಲ್ಲ, ತಲೆ ಮಾತ್ರ ಎತ್ತಲಿಲ್ಲ. ಶಾಲೆಯ ಪತ್ರದ ಮೇಲೆ ಪೆನ್ನಿನ ತುದಿ ಇಟ್ಟು, "ಈ ಇನಿಶಿಯಲ್ ಎಕ್ಸ್‌ಪ್ಯಾಂಡ್ ಮಾಡಿ" ಎಂದಳು. ನಾನು ಅಮ್ಮನಿಗೆ ಬಿಡಿಸಿ ಹೇಳಿದೆ. ಅಮ್ಮ ಊರಿನ ಹೆಸರು ಹೇಳಿದಳು. ಹುಡುಗಿ ಟೈಪ್ ಮಾಡಿ, ಪರದೆ ನೋಡಿ, "ಇದು ಎಲ್ಲಿ ಬರುತ್ತದೆ?" ಎಂದಳು.

"ಈಗ ಇಲ್ಲ, ಮುಳುಗಿತಲ್ಲ" ಎಂದಳು ಅಮ್ಮ.

"ಹಾಗಾದರೆ ಹೆಸರು ಬದಲಾಗಿದೆಯಾ?"

"ಹೆಸರು ಬದಲಾಗಿಲ್ಲ. ಊರು ಬದಲಾಯಿತು."

ಹಿಂದೆ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ. ಆ ಹುಡುಗಿಯ ಮುಂದಿದ್ದ ಚೌಕಗಳಲ್ಲಿ ಅಮ್ಮನ ಉತ್ತರಕ್ಕೆ ಜಾಗವಿರಲಿಲ್ಲ, ಅದು ಅವಳ ತಪ್ಪೂ ಅಲ್ಲ. ಮದುವೆ ಪ್ರಮಾಣಪತ್ರ ತನ್ನಿ ಎಂದಳು. 1974ರಲ್ಲಿ ಮನೆಯಂಗಳದ ಚಪ್ಪರದಲ್ಲಿ ಆದ ಮದುವೆಗೆ ಪ್ರಮಾಣವೆಂದರೆ ಗೋಡೆಯ ಮೇಲಿನ ಒಂದು ಕಪ್ಪುಬಿಳುಪು ಫೋಟೋ ಮತ್ತು ನಾನು. ವಿವಾಹಿತರು ಮದುವೆ ಪ್ರಮಾಣಪತ್ರ ಕೊಡಬೇಕಾಗಿಲ್ಲ ಎಂದು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರ್‌ನಲ್ಲೇ ಪ್ರಕಟಿಸಿದೆ ಎಂದು ನಾನು ಮೊಬೈಲಿನಲ್ಲಿ ತೋರಿಸಿದೆ. ಎರಡನೆಯ ಕೌಂಟರಿನ ಅಧಿಕಾರಿ ಹೌದೆಂದು ಒಪ್ಪಿದರು, ಆದರೆ ಆಧಾರ್, ಪ್ಯಾನ್, ಶಾಲೆಯ ಪತ್ರ ಮೂರರಲ್ಲಿ ಮೂರು ಹೆಸರಿದ್ದರೆ ತಾನು ಯಾರಿಗೆ ಪಾಸ್‌ಪೋರ್ಟ್ ಕೊಡಲಿ ಎಂದರು. ಕಡತಕ್ಕೆ ತಡೆ ಬಿತ್ತು. ತತ್ಕಾಲ್‌ಗೆ 2,000 ಹೆಚ್ಚು ಕಟ್ಟಿದರೂ ಪ್ರಯೋಜನವಿರಲಿಲ್ಲ. ಹಣ ಕಟ್ಟಿದರೆ ದಿನ ಉಳಿಯುತ್ತದೆ, ದಾಖಲೆಗಳು ಒಂದಕ್ಕೊಂದು ಹೊಂದುವುದಿಲ್ಲ.

ಅಲ್ಲಿಂದ ಒಂದು ತಿಂಗಳು ನಾನು ಅಮ್ಮನ ಹೆಸರನ್ನು ಹೊತ್ತುಕೊಂಡು ತಿರುಗಿದೆ.

ಆಧಾರಿನಲ್ಲಿ ಹೆಸರನ್ನು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಬಾರಿ ತಿದ್ದಬಹುದು. ಒಂದು ಅವಕಾಶ ಪಿಂಚಣಿಯ ಸಮಯದಲ್ಲಿ ಇನಿಶಿಯಲ್ ಸರಿಮಾಡಿಸಲು ಖರ್ಚಾಗಿತ್ತು. ಈಗ ಉಳಿದದ್ದು ಒಂದೇ. ಕೇಂದ್ರದ ಆಪರೇಟರ್ ಇಂಗ್ಲಿಷಿನಲ್ಲಿ ಟೈಪ್ ಮಾಡಿದಂತೆ ಪಕ್ಕದಲ್ಲಿ ಕನ್ನಡ ತಾನಾಗಿ ಮೂಡುತ್ತ ಹೋಯಿತು. ಎಕ್ಸ್ ಒತ್ತಿದಲ್ಲಿ ಕನ್ನಡದಲ್ಲಿ 'ಕ್ಸ' ಎಂದು ಬಂತು. ಅಮ್ಮ ಕನ್ನಡಕ ಏರಿಸಿ, ಬಾಗಿ, ಅಕ್ಷರ ಕೂಡಿಸಿ ಓದಿ, "ಇದು ಯಾರ ಹೆಸರು?" ಎಂದಳು. ಎಕ್ಸ್ ತೆಗೆದು ಕೆ, ಎಸ್, ಎಚ್ ಹಾಕಿ ಎಂದು ನಾನು ಕೇಳಿದೆ. ಉಪನಾಮವನ್ನೂ ಸೇರಿಸಿ ಕಾಗುಣಿತವನ್ನೂ ಬದಲಿಸಿದರೆ ಮೇಲಿನವರು ತಿರಸ್ಕರಿಸುತ್ತಾರೆ, ಕೊನೆಯ ಅವಕಾಶವೂ ಹೋಗುತ್ತದೆ, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ ಎಂದ. ಹಡಗಿನ ದಿನ ಹತ್ತಿರ ಬರುತ್ತಿತ್ತು. ಉಪನಾಮ ಆರಿಸಿದೆವು, ಎಕ್ಸ್ ಉಳಿಯಿತು. ಕನ್ನಡದ ಸಾಲನ್ನು ಅವನು ಕೈಯಿಂದ ತಿದ್ದಿಕೊಟ್ಟ. ಅಷ್ಟರ ಮಟ್ಟಿಗೆ ಅವನಿಗೆ ಕೃತಜ್ಞಳು. ಆಮೇಲೆ ಆ ಎಕ್ಸ್‌ಗೆ ತಾಳೆಯಾಗಲೆಂದು, ಸರಿಯಾಗಿದ್ದ ಪ್ಯಾನ್ ಕಾರ್ಡಿನ ಕ್ಷವನ್ನೂ ಕೆಡಿಸಿದೆವು. ಒಂದು ತಪ್ಪನ್ನು ಸರಿಯೆಂದು ಸಾಬೀತುಪಡಿಸಲು ಇನ್ನೊಂದು ಕಚೇರಿಗೆ ಶುಲ್ಕ ಕಟ್ಟಿ ತಪ್ಪು ಮಾಡಿಸುವುದು ಲೆಕ್ಕಪತ್ರದವಳಾದ ನನಗೆ ಹೊಸ ಅನುಭವ.

ಶಾಲೆಯ ಪತ್ರದ ಹೊಸ ಪ್ರತಿ ಬೇಕಾಯಿತು. ಮುಳುಗಡೆಯಾದ ಮೇಲೆ ಅಮ್ಮ ಏಳನೆಯ ತರಗತಿ ಮುಗಿಸಿದ ಶಾಲೆ ಇನ್ನೂ ಇದೆ. ಮುಖ್ಯೋಪಾಧ್ಯಾಯಿನಿ ಕಬ್ಬಿಣದ ಬೀರುವಿನಿಂದ ದಾಖಲಾತಿ ಪುಸ್ತಕ ತೆಗೆದರು. ರಟ್ಟಿನ ಮೂಲೆಯನ್ನು ಗೆದ್ದಲು ತಿಂದಿದೆ, ಒಳಗಿನ ನೀಲಿ ಶಾಯಿ ಮಾತ್ರ ಇನ್ನೂ ದಟ್ಟವಾಗಿದೆ. ಆ ಪುಟದಲ್ಲಿ ಹುಟ್ಟಿದ ದಿನಾಂಕದ ಅಂಕಣವನ್ನು ಮೇಲಿನಿಂದ ಕೆಳಗೆ ಓದಿದೆ: 1-6, 1-6, 1-6, ಮಧ್ಯದಲ್ಲೊಂದು 10-6, ಮತ್ತೆ 1-6. ಜೂನ್‌ನಲ್ಲಿ ಶಾಲೆ ಶುರು, ಆದ್ದರಿಂದ ಮಲೆನಾಡಿನ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟಿದರು. ನಗುವ ಹಕ್ಕು ನನಗಿಲ್ಲ. ನನ್ನ ತಂದೆ ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ಮಗುವನ್ನು ಕರೆತಂದ ತಂದೆ "ದೊಡ್ಡ ಮಳೆ ಬಂದ ವರ್ಷ ಹುಟ್ಟಿದ್ದು" ಎಂದರೆ, ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಎಡ ಕಿವಿಗೆ ಮುಟ್ಟಿಸಿ ನೋಡಿ, ಅವರೂ ಜೂನ್ ಒಂದು ಎಂದೇ ಬರೆದದ್ದು. ಅದರಲ್ಲಿ ಮೋಸವಿರಲಿಲ್ಲ, ಮಗುವನ್ನು ಶಾಲೆಯೊಳಗೆ ಕೂರಿಸುವ ಆತುರವಿತ್ತು. ಆದರೆ ಹಾಗೆ ಬರೆದ ಗೆರೆಗಳನ್ನು ಮುಂದೆ ಯಾರೋ ಕಂಪ್ಯೂಟರಿನ ಮುಂದೆ ಕೂತು ಒಂದಕ್ಕೊಂದು ಒರೆಗೆ ಹಚ್ಚುತ್ತಾರೆ ಎಂದು ಅವರು ಊಹಿಸಿರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಎರಡನೆಯ ಭೇಟಿ. ಈ ಸಲ 'ಹೆಸರು ಬದಲಾಗಿದೆ' ಎಂದು ನಾವೇ ಒತ್ತಿದ್ದೆವು. ಹತ್ತು ನಿಮಿಷದಲ್ಲಿ ಮುಗಿಯಿತು. ಮೊದಲ ದಿನವೇ ಯಾರಾದರೂ ಒಂದು ಹಾಳೆಯ ಮೇಲೆ ಏನೇನು ಬೇಕೆಂದು ಒಟ್ಟಿಗೆ ಬರೆದುಕೊಟ್ಟಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ಬಾಯಿಮಾತಿನಲ್ಲಿ ಇಂದು ಒಂದು, ಫೋನ್ ಮಾಡಿದರೆ ನಾಳೆ ಇನ್ನೊಂದು, ಹೀಗೆಯೇ ನಡೆಯಿತು.

ಪೊಲೀಸ್ ಪರಿಶೀಲನೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಂದವರು ಅಮ್ಮನನ್ನು "ಅಜ್ಜಿ" ಎಂದು ಕರೆದು ಗೌರವದಿಂದಲೇ ಮಾತಾಡಿದರು. ಹೋಗುವಾಗ ಗೇಟಿನ ಬಳಿ ನಿಂತು ಕಾಫಿ ಖರ್ಚು ಕೇಳಿದರು. ಪರಿಶೀಲನೆಗೆ ಅರ್ಜಿದಾರರು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ ಎಂದು ನನಗೆ ಗೊತ್ತಿತ್ತು, ನನ್ನ ಗಂಡನಿಗೂ ಗೊತ್ತಿತ್ತು. ಆದರೂ ಕೊಟ್ಟೆವು. ವರದಿ ಒಂದು ವಾರ ತಡವಾದರೆ ಎಂಬ ಭಯ ನಮ್ಮ ತಿಳಿವಳಿಕೆಗಿಂತ ದೊಡ್ಡದಾಗಿತ್ತು. ಕೊಟ್ಟವರಾಗಿ ನಾವೂ ತಪ್ಪಿತಸ್ಥರೇ. ಅಮ್ಮ ಒಳಗಿನಿಂದ, "ಊಟಕ್ಕೆ ಕೂರಿಸಬಹುದಿತ್ತು, ದುಡ್ಡು ಯಾಕೆ?" ಎಂದಳು.

ಆ ಭಯ ಪಟ್ಟೂ ಪ್ರಯೋಜನವಾಗಲಿಲ್ಲ. ಹಡಗು ಹೊರಟು ಹತ್ತು ದಿನ ಕಳೆದ ಮೇಲೆ ಅಮ್ಮನ ಪಾಸ್‌ಪೋರ್ಟ್ ಬಂತು. ಅವಳನ್ನು ಬಿಟ್ಟು ನೀವು ಹೋಗಿ ಬನ್ನಿ ಎಂದು ಅವಳೇ ಹೇಳಿದಳು, ನಮಗೆ ಮನಸ್ಸಾಗಲಿಲ್ಲ. ಮುಂಗಡದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಹಡಗಿನ ಕಂಪನಿ ತನ್ನ ನಿಯಮದಂತೆ ನಡೆದುಕೊಂಡಿತು, ಅವರ ಮೇಲೆ ದೂರಿಲ್ಲ.

ಇಷ್ಟು ನಡೆದದ್ದು. ಈಗ ನನ್ನ ವಾದ.

ನಮ್ಮ ಹೆಸರುಗಳಿಗೆ ಒಂದು ಕ್ರಮವಿಲ್ಲ ಎಂದು ಕೌಂಟರುಗಳಲ್ಲಿ ಗೊಣಗುವುದನ್ನು ಕೇಳಿದ್ದೇನೆ. ಕ್ರಮವಿದೆ. ಹಳೇ ಮೈಸೂರಿನ ಕಡೆ ಊರು, ತಂದೆ, ಆಮೇಲೆ ತನ್ನ ಹೆಸರು. ಈ ದೇಶದ ಪ್ರಧಾನಿಯಾಗಿದ್ದವರೊಬ್ಬರ ಹೆಸರು ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ ಎಂದೇ ಇದೆ. ಅದರಲ್ಲಿ ಉಪನಾಮ ಯಾವುದು ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಪ್ರಶ್ನೆಯೇ ನಮ್ಮದಲ್ಲ. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು ಮೊದಲು, ತಂದೆಯದು ನಡುವೆ, ಮನೆತನದ ಹೆಸರು ಕೊನೆಗೆ, ಅವರಿಗೆ ಈ ಫಾರಂ ಅಷ್ಟು ಕಾಡುವುದಿಲ್ಲ. ಪಾಸ್‌ಪೋರ್ಟಿನ ಎರಡು ಅಂಕಣ ಜಗತ್ತಿಗೆಲ್ಲ ಒಂದೇ, ಅದನ್ನು ಬದಲಿಸಿ ಎನ್ನುವಷ್ಟು ದಡ್ಡಿ ನಾನಲ್ಲ. ಉಪನಾಮದ ಅಂಕಣ ಖಾಲಿ ಬಿಟ್ಟರೂ ಕಷ್ಟವೇ. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸಿ ವೀಸಾ ಕೊಡುವುದಿಲ್ಲ ಎಂದು ಹೇಳಿ ಎಷ್ಟೋ ಜನ ಪೇಚಿಗೆ ಸಿಕ್ಕಿದ್ದರು. ನನ್ನ ಆಕ್ಷೇಪ ಅಂಕಣದ ಬಗ್ಗೆ ಅಲ್ಲ. ಆ ಅಂಕಣಕ್ಕೆ ನಮ್ಮ ಹೆಸರು ಹೇಗೆ ಇಳಿಯಬೇಕು ಎಂದು ನಮ್ಮ ಭಾಷೆಯಲ್ಲಿ, ಹಣ ಕಟ್ಟುವ ಮೊದಲೇ, ಯಾರೂ ಹೇಳುವುದಿಲ್ಲ ಎಂಬುದರ ಬಗ್ಗೆ.

ಪಾಸ್‌ಪೋರ್ಟ್ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಹೀಗಿದೆ. ಊರಿನ ಇನಿಶಿಯಲ್, ತಂದೆಯ ಇನಿಶಿಯಲ್, ಮದುವೆಯ ನಂತರದ ಇನಿಶಿಯಲ್ ಇವುಗಳನ್ನು ಅರ್ಜಿಯಲ್ಲಿ ಹೇಗೆ ಬಿಡಿಸಿ ಬರೆಯಬೇಕು ಎಂಬುದನ್ನು ಉದಾಹರಣೆ ಸಮೇತ ಒಂದು ಪುಟ ಕನ್ನಡದಲ್ಲಿ ಮುದ್ರಿಸಿ ರಾಜ್ಯದ ಪ್ರತಿ ಕೇಂದ್ರದ ಗೋಡೆಗೆ, ಅಂಚೆ ಕಚೇರಿಯ ಬಾಗಿಲಿಗೆ ಅಂಟಿಸಿ. ನೀವೇ 2016ರಲ್ಲಿ ಕೊಟ್ಟ ರಿಯಾಯಿತಿಗಳನ್ನು ಅದರ ಪಕ್ಕದಲ್ಲೇ ಹಾಕಿ, ಅರ್ಜಿದಾರರಿಗಿಂತ ಹೆಚ್ಚಾಗಿ ಮೊದಲ ಕೌಂಟರಿನವರು ಓದಲಿ. ಕಡತ ತಡೆಹಿಡಿದರೆ ಕೊರತೆಗಳೆಲ್ಲವನ್ನೂ ಒಮ್ಮೆಗೇ, ಬರಹದಲ್ಲಿ, ಅರ್ಜಿದಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಿ. ಮುಳುಗಡೆಯಾದ ಊರಿನವರು ಈ ಜಿಲ್ಲೆಯಲ್ಲಿ ನನ್ನ ತಾಯಿ ಒಬ್ಬಳೇ ಅಲ್ಲ. ಊರು ಎಲ್ಲಿ ಬರುತ್ತದೆ ಎಂಬ ಪ್ರಶ್ನೆಗೆ 'ಜಲಾಶಯದಲ್ಲಿ' ಎನ್ನುವುದೂ ಒಂದು ನೇರ ಉತ್ತರ ಎಂದು ನಿಮ್ಮ ಸಿಬ್ಬಂದಿಗೆ ತಿಳಿಸಿ.

ಆಧಾರ್ ನೋಡಿಕೊಳ್ಳುವವರಲ್ಲಿ ಒಂದೇ ಮಾತು: ಆಪರೇಟರ್ ಮಾಡಿದ ಕಾಗುಣಿತದ ತಪ್ಪನ್ನು ತಿದ್ದುವುದು ನಮ್ಮ ಎರಡು ಅವಕಾಶಗಳಲ್ಲಿ ಒಂದೆಂದು ಎಣಿಸಬಾರದು. ಹೆಸರು ಅಂತಿಮಗೊಳಿಸುವ ಮುನ್ನ ಕನ್ನಡದ ಸಾಲನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ, ಅದನ್ನು ಓದಬಲ್ಲವರಿಂದ ಓದಿಸಿ.

ಜನನ ನೋಂದಣಾಧಿಕಾರಿಗಳಿಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಮುಂದಿನ ಐವತ್ತು ವರ್ಷದ ಗೋಜಲು ಹುಟ್ಟುವುದು ಅಥವಾ ಹುಟ್ಟದಿರುವುದು ನಿಮ್ಮ ಮೇಜಿನ ಮೇಲೆ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸಲು ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ. ಶಾಲೆಗೆ ಸೇರಿಸಲು, ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ ಸಹ ಅದೇ ದಾಖಲೆ. ನಮ್ಮ ಕಾಲದಲ್ಲಿ ಒಂದು ಕಾಗದ ಕೈಕೊಟ್ಟರೆ ಇನ್ನೊಂದಿತ್ತು, ಈ ಮಕ್ಕಳಿಗೆ ಆ ಅದೃಷ್ಟವಿಲ್ಲ. ಹೀಗಿರುವಾಗ ಹೆಸರಿನ ಜಾಗ ಖಾಲಿ ಬಿಟ್ಟ ಪ್ರಮಾಣಪತ್ರಗಳು ಇನ್ನೂ ಮನೆಮನೆಯಲ್ಲಿವೆ. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ಹದಿನೈದು ವರ್ಷದವರೆಗೆ ಶುಲ್ಕ ಕಟ್ಟಿ ಹೆಸರು ಸೇರಿಸಬಹುದೆಂದು ಎಷ್ಟು ಬಾಣಂತಿಯರಿಗೆ ಗೊತ್ತು? ನಾಮಕರಣವಾದ ಮೇಲೆ ಒಮ್ಮೆ ಬನ್ನಿ ಎಂದು ಆಸ್ಪತ್ರೆಯಲ್ಲೇ ಒಂದು ಚೀಟಿ ಕೊಟ್ಟರೆ ಸಾಕು. ತಂದೆತಾಯಿಯರಿಂದ ಮಗುವಿನ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳಿ, ಇಂಗ್ಲಿಷ್ ಕಾಗುಣಿತವನ್ನೂ ಅವರಿಂದಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಇನಿಶಿಯಲ್ ಇದ್ದರೆ ಬಿಡಿಸಿ ಬರೆಯಿರಿ. ಶಾಲೆಯವರು ಆ ಪ್ರಮಾಣಪತ್ರ ನೋಡಿ ಅಕ್ಷರಕ್ಕೆ ಅಕ್ಷರ ಇಳಿಸಿಕೊಳ್ಳಲಿ, ಕಿವಿಗೆ ಬಿದ್ದಂತೆ ಬರೆಯುವುದು ಬೇಡ. ಮೇಷ್ಟ್ರ ಮಗಳಾಗಿ ಇದನ್ನು ಹೇಳುತ್ತಿದ್ದೇನೆ.

ಇದು ಆಗದ ಕೆಲಸ ಎನ್ನಬೇಡಿ. ಬೆಂಗಳೂರು, ಮೈಸೂರು, ನಮ್ಮ ಶಿವಮೊಗ್ಗ ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಸರಿಪಡಿಸಿ 2014ರ ನವೆಂಬರ್ 1ರಿಂದ ಜಾರಿಗೆ ತಂದ ರಾಜ್ಯ ನಮ್ಮದು. ರೈಲು ನಿಲ್ದಾಣದ ಫಲಕದಿಂದ ಹಿಡಿದು ಕಚೇರಿಯ ಮೊಹರಿನವರೆಗೆ ಬದಲಾಯಿತು. ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ತಮ್ಮ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಒಮ್ಮೆ ಬದಲಿಸಿ, 2019ರಲ್ಲಿ ಮತ್ತೆ ಮೊದಲಿನಂತೆ ಮಾಡಿಕೊಂಡರು. ತಪ್ಪೇನಿಲ್ಲ, ಅವರ ಹೆಸರು, ಅವರ ಇಷ್ಟ. ಅದೇ ಜಿಲ್ಲೆಯ ಇನ್ನೊಬ್ಬಳಿಗೆ ತನ್ನ ಹೆಸರಿನ ಒಂದು ಎಕ್ಸ್ ತೆಗೆಸಿಕೊಳ್ಳಲು ದಾರಿ ಉಳಿದಿಲ್ಲ.

ಗೃಹ ಇಲಾಖೆಯವರಲ್ಲಿ: ಪ್ರತಿ ಠಾಣೆಯ ಬಾಗಿಲಲ್ಲಿ 'ಪಾಸ್‌ಪೋರ್ಟ್ ಪರಿಶೀಲನೆಗೆ ಹಣ ಕೊಡಬೇಡಿ' ಎಂಬ ಫಲಕ ಹಾಕಿಸಿ. ಮುಂದಿನ ಸಲ ನಮಗೂ ಅದನ್ನು ತೋರಿಸಿ ಇಲ್ಲವೆನ್ನುವ ಧೈರ್ಯ ಬರಬಹುದು.

ನನ್ನ ತಮ್ಮ ಏಪ್ರಿಲ್ ರಜೆಗೆ ಮತ್ತೊಂದು ಹಡಗು ನೋಡಿದ್ದಾನೆ. ಈ ಬಾರಿ ಟಿಕೆಟ್ಟಿನಲ್ಲಿ ಅಮ್ಮನ ಹೆಸರು ಎಕ್ಸ್ ಸಮೇತ ಇರುತ್ತದೆ.

ಪಾಸ್‌ಪೋರ್ಟ್ ಬಂದ ದಿನ ಅಮ್ಮ ಅದನ್ನು ದೇವರ ಮುಂದಿಟ್ಟು, ಆಮೇಲೆ ಕನ್ನಡಕ ಹಾಕಿಕೊಂಡು ಕುಳಿತಳು. ಹೊಸ ಬಗೆಯದು, ಹೊದಿಕೆಯ ಕೆಳಗೆ ಚಿಪ್ ಇದೆ ಎಂದು ಸೂಚಿಸುವ ಚಿನ್ನದ ಬಣ್ಣದ ಗುರುತು. ಒಳಗೆ ಹುಟ್ಟಿದ ಸ್ಥಳ ಸಾಗರ ಎಂದಿದೆ, ಅದು ತಾಲ್ಲೂಕಿನ ಹೆಸರು. ಹಿಂದಿ ಮತ್ತು ಇಂಗ್ಲಿಷ್ ಸಾಲುಗಳನ್ನು ಅವಳು ದಾಟಿಕೊಂಡು ಹೋಗಿ ಫೋಟೋದ ಬಳಿ ನಿಂತಳು. ಅದರ ಜೊತೆಗೆ ಅವಳ ಸಹಿ ಅಚ್ಚಾಗಿದೆ. ಏಳನೆಯ ತರಗತಿಯಲ್ಲಿ ಕಲಿತ ಸಹಿ, ಮದುವೆಯಾದರೂ ಬದಲಿಸಿರಲಿಲ್ಲ: ಊರಿನ ಮೊದಲಕ್ಷರ, ಒಂದು ಚುಕ್ಕೆ, ಅಪ್ಪನ ಮೊದಲಕ್ಷರ, ಇನ್ನೊಂದು ಚುಕ್ಕೆ, ಆಮೇಲೆ ಉದ್ದ ಬಾಲದ ಕ್ಷ ಇರುವ ಅವಳ ಹೆಸರು, ಕನ್ನಡದಲ್ಲಿ. ಅದರ ಮೇಲೆ ಬೆರಳಿಟ್ಟು ಓದಿಕೊಂಡು ಪುಸ್ತಕ ಮುಚ್ಚಿದಳು.

ಇಂತಿ ನಿಮ್ಮ ವಿಶ್ವಾಸಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ಅರ್ಜಿದಾರಳ ಮಗಳು
ನವೆಂಬರ್ 2025